ಮೆಕ್ಯಾನಿಕ್ ಹೆನ್ರಿ ರಾಯ್ಸ್

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಒಂದು ಲೇಖನ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯ ಗುರುಗಳು ಕೇಳಿದರು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ಬಹಳ ಜನ ಇದ್ದಾರೆ. ಆದ್ದರಿಂದ ನಾನು ನನ್ನ ಉದ್ಯೋಗಕ್ಕೆ ಸಂಬಂಧಪಟ್ಟ ಒಬ್ಬ ಮಹನೀಯರ ಜೀವನ ಚರಿತ್ರೆಯನ್ನು ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಅವರ ಹೆಸರು ಹೆನ್ರಿ ರಾಯ್ಸ್. ರೋಲ್ಸ್ ರಾಯ್ಸ್ ಎಂಬ ಹೆಸರಿನ ಎರಡನೇ ಅರ್ಧ.

ಅವರು ಇಂಗ್ಲೆಂಡಿನವರು, ಸತ್ತು ತೊಂಬತ್ತು ವರ್ಷಗಳ ಮೇಲಾಯಿತು. ಬೀದರ್‌ನ ಶಾಲೆಯ ಸಂಚಿಕೆಯಲ್ಲಿ ಅವರಿಗೇನು ಕೆಲಸ ಎಂದು ಕೆಲವರು ಕೇಳಬಹುದು. ನಮ್ಮ ಊರಿನ ವಾಯುಪಡೆ ನಿಲ್ದಾಣದಿಂದ ಹಾರುವ ಹಾಕ್ ವಿಮಾನಗಳ ಸದ್ದು ಗಾಂಧಿ ಗಂಜದವರಿಗೆ ಹೊಸದಲ್ಲ. ಸೂರ್ಯಕಿರಣ ತಂಡ ಆಕಾಶದಲ್ಲಿ ಬಣ್ಣ ಬಿಡುವುದನ್ನು ನಮ್ಮ ಮಕ್ಕಳು ಮಾಳಿಗೆ ಮೇಲೆ ನಿಂತು ನೋಡುತ್ತಾರೆ. ಆ ಹಾಕ್ ವಿಮಾನದ ಅಡೂರ್ ಎಂಜಿನ್ ತಯಾರಿಕೆಯಲ್ಲಿ ರೋಲ್ಸ್ ರಾಯ್ಸ್ ಕಂಪನಿಯ ಪಾಲಿದೆ. ಅಂದರೆ ದಿನಾ ನಮ್ಮ ತಲೆಯ ಮೇಲೆ ಹಾದುಹೋಗುವ ಆ ಸದ್ದಿನ ಮೂಲ ಹುಡುಕುತ್ತ ಹೋದರೆ, ಪೇಪರ್ ಮಾರಿ ಹೊಟ್ಟೆ ಹೊರೆದ ಒಬ್ಬ ಹುಡುಗ ಸಿಗುತ್ತಾನೆ.

ನನ್ನ ಕೆಲಸ ಕಾರುಗಳ ಸ್ಟೇರಿಂಗ್‌ಗೆ ಬೇಕಾದ ಸಾಫ್ಟ್‌ವೇರ್ ಬರೆಯುವುದು. ಈಗಿನ ಕಾರುಗಳಲ್ಲಿ ನಾವು ಸ್ಟೇರಿಂಗ್ ತಿರುಗಿಸಿದಾಗ ಒಂದು ಸಣ್ಣ ಸೆನ್ಸರ್ ಕೈಯ ಬಲವನ್ನು ಅಳೆಯುತ್ತದೆ, ಒಂದು ವಿದ್ಯುತ್ ಮೋಟಾರು ಸಹಾಯ ಮಾಡುತ್ತದೆ. ಎಷ್ಟು ವೇಗದಲ್ಲಿ ಎಷ್ಟು ಸಹಾಯ ಮಾಡಬೇಕು ಎಂಬ ಲೆಕ್ಕ ನಮ್ಮದು. ಸಹಾಯ ಹೆಚ್ಚಾದರೆ ಚಾಲಕನಿಗೆ ರಸ್ತೆಯೇ ತಿಳಿಯುವುದಿಲ್ಲ, ಗಾಡಿ ಗಾಳಿಯಲ್ಲಿ ತೇಲಿದಂತೆ ಆಗುತ್ತದೆ. ಕಡಿಮೆಯಾದರೆ ತೋಳು ನೋಯುತ್ತದೆ. ಈ ವಿಷಯ ಓದುತ್ತ ಹಿಂದಕ್ಕೆ ಹೋದಾಗ, ಸೆನ್ಸರು, ಮೋಟಾರು ಯಾವುದೂ ಇಲ್ಲದೆ, ಅರ ಮತ್ತು ಗ್ರೀಸಿನಿಂದ ಇದನ್ನು ಸಾಧಿಸಿದವರಲ್ಲಿ ಮುಖ್ಯರಾಗಿ ರಾಯ್ಸ್ ಸಿಕ್ಕರು.

ಬಾಲ್ಯ

ಫ್ರೆಡರಿಕ್ ಹೆನ್ರಿ ರಾಯ್ಸ್ ಹುಟ್ಟಿದ್ದು 1863ರ ಮಾರ್ಚ್ 27ರಂದು, ಪೀಟರ್‌ಬರೋ ಪಟ್ಟಣದ ಹತ್ತಿರದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಐದು ಮಕ್ಕಳಲ್ಲಿ ಇವರೇ ಕೊನೆಯವರು. ತಂದೆ ಜೇಮ್ಸ್ ಹಿಟ್ಟಿನ ಗಿರಣಿಯನ್ನು ಗುತ್ತಿಗೆ ಹಿಡಿದಿದ್ದರು. ಗಿರಣಿ ನಡೆಯಲಿಲ್ಲ. ಬರಗಾಲದಲ್ಲಿ ನಮ್ಮ ಕಡೆಯವರು ಹೈದರಾಬಾದಿಗೆ ಗುಳೆ ಹೋದಂತೆ ಅವರು ಲಂಡನ್ನಿಗೆ ಹೋದರು. 1872ರಲ್ಲಿ ತಂದೆ ತೀರಿಕೊಂಡರು. ಹೆನ್ರಿಗೆ ಆಗ ಒಂಬತ್ತು ವರ್ಷ.

ಆ ವಯಸ್ಸಿನಲ್ಲಿ ಹುಡುಗ ರೈಲು ನಿಲ್ದಾಣದಲ್ಲಿ ಪೇಪರ್ ಮಾರಿದ. ಸ್ವಲ್ಪ ದೊಡ್ಡವನಾದ ಮೇಲೆ ಮೇಫೇರ್ ಎಂಬ ಶ್ರೀಮಂತರ ಬಡಾವಣೆಯಲ್ಲಿ ತಂತಿ ಹಂಚಿದ. ಮುಂದೆ ಅಂಥ ಮನೆಗಳ ಮುಂದೆಯೇ ಆತ ಮಾಡಿದ ಕಾರುಗಳು ನಿಂತವು. ಆಗ ಮಾತ್ರ ಬಾಗಿಲಲ್ಲಿ ತಂತಿ ಕೊಟ್ಟು ವಾಪಸ್ ಬರುವುದಷ್ಟೇ ಕೆಲಸ. ಶಾಲೆಗೆ ಹೋದದ್ದು ಎಲ್ಲ ಸೇರಿಸಿದರೆ ಒಂದೆರಡು ವರ್ಷ.

1878ರಲ್ಲಿ, ನಮ್ಮ ಮಕ್ಕಳು ಹತ್ತನೇ ತರಗತಿಯಲ್ಲಿರುವ ವಯಸ್ಸಿನಲ್ಲಿ, ಒಬ್ಬ ಚಿಕ್ಕಮ್ಮ ಆತನ ಕೈ ಹಿಡಿದರು. ವರ್ಷಕ್ಕೆ 20 ಪೌಂಡ್ ಕಟ್ಟಿ ಪೀಟರ್‌ಬರೋದ ಗ್ರೇಟ್ ನಾರ್ದರ್ನ್ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿ ಸೇರಿಸಿದರು. ಹುಡುಗ ಇಳಿದುಕೊಂಡ ಮನೆಯಲ್ಲಿ ಒಂದು ಸಣ್ಣ ಲೇತ್ ಇತ್ತು. ಹಗಲು ರೈಲ್ವೆಯಲ್ಲಿ, ಸಂಜೆ ಆ ಲೇತಿನ ಮುಂದೆ. ಅರ ಹಿಡಿಯುವುದು, ಲೋಹವನ್ನು ಬೆರಳಿನಿಂದ ಮುಟ್ಟಿ ಮಟ್ಟ ನೋಡುವುದು ಎಲ್ಲವನ್ನೂ ಅಲ್ಲಿ ಕಲಿತ. ಮೂರು ವರ್ಷಕ್ಕೆ ಚಿಕ್ಕಮ್ಮನ ಹಣ ಮುಗಿಯಿತು. ತರಬೇತಿ ಅರ್ಧಕ್ಕೆ ನಿಂತಿತು, ಸರ್ಟಿಫಿಕೇಟು ಸಿಗಲಿಲ್ಲ.

ಕೆಲಸ ಹುಡುಕುತ್ತ ಲೀಡ್ಸ್ ಊರಿನ ಒಂದು ಕಾರ್ಖಾನೆಯಲ್ಲಿ ವಾರಕ್ಕೆ 11 ಶಿಲಿಂಗ್ ಕೂಲಿಗೆ ಸೇರಿದ. ಅಲ್ಲಿಂದ ಲಂಡನ್ನಿನ ವಿದ್ಯುತ್ ಕಂಪನಿ. ವಿದ್ಯುತ್ ದೀಪ ಆಗ ಹೊಸದು. ಹಗಲು ಕೆಲಸ, ಸಂಜೆ ತರಗತಿ. ಲಿವರ್‌ಪೂಲ್‌ನಲ್ಲಿ ಬೀದಿ ದೀಪ, ನಾಟಕಶಾಲೆಯ ದೀಪ ಹಾಕಿಸುವ ಜವಾಬ್ದಾರಿ ಸಿಕ್ಕಿತು. ಆ ಕಂಪನಿಯೂ ಮುಚ್ಚಿತು.

ಮ್ಯಾಂಚೆಸ್ಟರ್

1884ರಲ್ಲಿ ರಾಯ್ಸ್ ತಮ್ಮ ಉಳಿತಾಯದ 20 ಪೌಂಡ್ ಹಾಕಿ, ಗೆಳೆಯ ಅರ್ನೆಸ್ಟ್ ಕ್ಲೇರ್‌ಮಾಂಟ್ 50 ಪೌಂಡ್ ಹಾಕಿ, ಮ್ಯಾಂಚೆಸ್ಟರಿನ ಕುಕ್ ಬೀದಿಯಲ್ಲಿ ಸಣ್ಣ ಕಾರ್ಖಾನೆ ತೆರೆದರು. ವಿದ್ಯುತ್ ಗಂಟೆ, ದೀಪದ ಹೋಲ್ಡರ್, ನಂತರ ಡೈನಮೊ, ವಿದ್ಯುತ್ ಕ್ರೇನ್ ಮಾಡಿದರು. ವಾಸ ಕಾರ್ಖಾನೆಯ ಮೇಲೆಯೇ. ಎನಾಮೆಲ್ ಕಾಯಿಸುವ ಒಲೆಯಲ್ಲೇ ಅಡುಗೆ. ಊಟದ ಪರಿವೆ ರಾಯ್ಸ್ ಅವರಿಗೆ ಇರಲಿಲ್ಲ. ಮುಂದೆ ದೊಡ್ಡವರಾದ ಮೇಲೂ ಹಾಲಿನ ಲೋಟ ಹಿಡಿದ ಹುಡುಗನೊಬ್ಬ ಅವರ ಹಿಂದೆ ಹಿಂದೆ ಓಡಾಡಬೇಕಿತ್ತು. ತಮ್ಮಂತೆಯೇ ಉಳಿದವರೂ ರಾತ್ರಿವರೆಗೆ ದುಡಿಯಬೇಕೆಂದು ಅವರು ಬಯಸುತ್ತಿದ್ದರು, ಕೆಲಸಗಾರರಿಗೆ ಅದು ಕಷ್ಟವೇ ಆಗಿತ್ತು. ಇದರ ಬೆಲೆಯನ್ನು ಅವರ ದೇಹ ಮುಂದೆ ಕೊಟ್ಟಿತು.

1902ರ ಹೊತ್ತಿಗೆ ಹೊರದೇಶದ ಅಗ್ಗದ ಕ್ರೇನ್‌ಗಳು ಬಂದು ವ್ಯಾಪಾರ ಇಳಿಯಿತು. ಆಗ ಅವರು ಡಿಕಾವಿಲ್ ಎಂಬ ಫ್ರೆಂಚ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡರು. ಕಾರು ಕೆಟ್ಟದ್ದಾಗಿರಲಿಲ್ಲ, ಆದರೆ ಸದ್ದು, ನಡುಕ ಅವರಿಗೆ ಸಹಿಸಲಿಲ್ಲ. ಬಿಚ್ಚಿ, ಒಂದೊಂದು ಭಾಗವನ್ನೂ ನೋಡಿ, ಅದಕ್ಕಿಂತ ಚೆನ್ನಾಗಿ ತಾವೇ ಮಾಡಲು ಕೂತರು. 1904ರ ಏಪ್ರಿಲ್ 1ರಂದು ಅವರ ಮೊದಲ ಕಾರು ಕಾರ್ಖಾನೆಯಿಂದ ಹೊರಟು ಹದಿನೈದು ಮೈಲಿ ದೂರದ ಅವರ ಮನೆ ತಲುಪಿತು. ಅದರಲ್ಲಿ ಹೊಸ ಆವಿಷ್ಕಾರ ಎಂಬುದು ಹೆಚ್ಚೇನೂ ಇರಲಿಲ್ಲ. ಎಲ್ಲರೂ ಮಾಡುವುದನ್ನೇ ಅವರು ಸರಿಯಾಗಿ ಮಾಡಿದ್ದರು.

ಅದೇ ವರ್ಷ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಚಾರ್ಲ್ಸ್ ರೋಲ್ಸ್ ಭೇಟಿಯಾದರು. ರೋಲ್ಸ್ ದೊಡ್ಡ ಮನೆತನದವರು, ಲಂಡನ್ನಿನಲ್ಲಿ ಕಾರು ಮಾರುತ್ತಿದ್ದರು. ಒಬ್ಬರು ಹಿಟ್ಟಿನ ಗಿರಣಿಯವರ ಮಗ, ಇನ್ನೊಬ್ಬರು ಲಾರ್ಡ್ ಒಬ್ಬರ ಮಗ. ಕಾರನ್ನು ಓಡಿಸಿ ನೋಡಿದ ರೋಲ್ಸ್, ರಾಯ್ಸ್ ಮಾಡುವ ಎಲ್ಲ ಕಾರುಗಳನ್ನೂ ತಾವೇ ಮಾರುವುದಾಗಿ ಒಪ್ಪಿದರು. 1906ರ ಮಾರ್ಚ್‌ನಲ್ಲಿ ರೋಲ್ಸ್ ರಾಯ್ಸ್ ಕಂಪನಿ ಸ್ಥಾಪನೆಯಾಯಿತು.

ಬೆಳ್ಳಿ ಕಾರು

1906ರ ಕೊನೆಯಲ್ಲಿ ಆರು ಸಿಲಿಂಡರಿನ, ಏಳು ಲೀಟರಿನ 40/50 ಕಾರು ಲಂಡನ್ನಿನ ಪ್ರದರ್ಶನಕ್ಕೆ ಬಂತು. ಮರುವರ್ಷ ಒಂದು ಕಾರಿಗೆ ಅಲ್ಯೂಮಿನಿಯಂ ಬಣ್ಣ ಬಳಿದು ಸಿಲ್ವರ್ ಘೋಸ್ಟ್ ಎಂದು ಹೆಸರಿಟ್ಟರು. ಅದನ್ನು ಲಂಡನ್ ಮತ್ತು ಗ್ಲಾಸ್ಗೊ ನಡುವೆ ಹಗಲೂ ರಾತ್ರಿ ಓಡಿಸಿದರು. ಒಟ್ಟು 15,000 ಮೈಲಿ, ಅದರಲ್ಲಿ 14,371 ಮೈಲಿ ಎಂಜಿನ್ ಕೆಟ್ಟು ನಿಲ್ಲದೆ. ನಂತರ ಬೇರೆ ಸಂಸ್ಥೆಯ ಪರೀಕ್ಷಕರ ಎದುರು ಇಡೀ ಕಾರನ್ನು ಬಿಚ್ಚಿ ಸವೆತ ಅಳೆದರು. ಎಂಜಿನ್ ಹೊಸದರಂತಿತ್ತು. ಸ್ವಲ್ಪ ಸವೆದಿದ್ದ ಕೆಲವೇ ಭಾಗಗಳಲ್ಲಿ ಸ್ಟೇರಿಂಗಿನ ಕೀಲುಗಳು ಸೇರಿದ್ದವು. ಎಲ್ಲ ಸರಿಪಡಿಸಲು ಬೇಕಾದ ಬಿಡಿಭಾಗದ ಖರ್ಚು ಎರಡು ಪೌಂಡ್ ಚಿಲ್ಲರೆ.

ಬಿಚ್ಚಿದಾಗ ಸ್ಟೇರಿಂಗಿನ ಕೀಲು ಸವೆದಿತ್ತು ಎಂಬುದು ನನ್ನಂಥವರಿಗೆ ಬಹಳ ಮುಖ್ಯದ ಮಾತು. ಯಾಕೆಂದು ಸ್ವಲ್ಪ ವಿವರಿಸುತ್ತೇನೆ. ಗಂಜದ ಲಾರಿ ಚಾಲಕರಿಗೆ, ಮಿಸ್ತ್ರಿಗಳಿಗೆ ಇದು ನನಗಿಂತ ಚೆನ್ನಾಗಿ ಗೊತ್ತು, ಅವರು ಈ ಭಾಗವನ್ನು ದಾಟಿ ಓದಬಹುದು.

ಸ್ಟೇರಿಂಗ್ ಎಂಬ ವಿದ್ಯೆ

ಹಳೆಯ ಕಾರಿನಲ್ಲಿ ಸ್ಟೇರಿಂಗಿನ ಕಂಬದ ತುದಿಗೆ ದಪ್ಪ ತಿರುಪು ಇರುತ್ತದೆ, ಅದರ ಮೇಲೆ ಒಂದು ನಟ್ಟು. ತಿರುಪು ತಿರುಗಿದರೆ ನಟ್ಟು ಮೇಲೆ ಕೆಳಗೆ ಸರಿಯುತ್ತದೆ, ಡ್ರಾಪ್ ಆರ್ಮ್ ತೂಗುತ್ತದೆ, ಡ್ರ್ಯಾಗ್ ಲಿಂಕ್ ಚಕ್ರವನ್ನು ಕಿಂಗ್‌ಪಿನ್ ಸುತ್ತ ತಿರುಗಿಸುತ್ತದೆ. ಸಿಲ್ವರ್ ಘೋಸ್ಟ್‌ನಲ್ಲಿ ಇದೇ ವ್ಯವಸ್ಥೆ. ಎರಡು ಟನ್ನಿನ ಗಾಡಿಯನ್ನು ಯಾವ ಮೋಟಾರಿನ ಸಹಾಯವೂ ಇಲ್ಲದೆ ಒಬ್ಬ ಮನುಷ್ಯ ದಿನವಿಡೀ ತಿರುಗಿಸಬೇಕು.

ಅಂಥ ಸ್ಟೇರಿಂಗ್ ಪರೀಕ್ಷಿಸುವಾಗ ನಾಲ್ಕು ಸಂಗತಿ ನೋಡುತ್ತಾರೆ. ಒಂದು, ಪ್ಲೇ. ಚಕ್ರ ಅಲುಗದೆ ಸ್ಟೇರಿಂಗ್ ಮಾತ್ರ ಎಷ್ಟು ಅಲುಗುತ್ತದೆ ಎಂಬುದು. ಪ್ರತಿ ಕೀಲಿನ ಸವೆತ ಸಣ್ಣದಾದರೂ ಎಲ್ಲ ಕೂಡಿ ಚಾಲಕನ ಕೈಯಲ್ಲಿ ದೊಡ್ಡದಾಗುತ್ತದೆ. ಎರಡು, ಬಿಗಿತ. ಮುಂದಿನ ಚಕ್ರ ಎತ್ತಿ, ಸ್ಟೇರಿಂಗಿನ ಅಂಚಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದರೆ ಎಷ್ಟು ಬಲ ಬೇಕೆಂದು ಮುಳ್ಳು ತೋರಿಸುತ್ತದೆ. ಎಡಕ್ಕೂ ಬಲಕ್ಕೂ, ನಡುವಿನಿಂದ ಕೊನೆವರೆಗೂ ಅದು ಸಮನಾಗಿರಬೇಕು. ಮೂರು, ಮರಳುವಿಕೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ಮಕ್ಕಳು ನೋಡಿರುತ್ತಾರೆ. ಕಾರಿನ ಕಿಂಗ್‌ಪಿನ್ ಕೂಡ ಹಾಗೆ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಅದರಿಂದ ತಿರುವು ಮುಗಿದ ಮೇಲೆ ಚಕ್ರ ತಾನೇ ನೇರವಾಗುತ್ತದೆ. ಓರೆ ಹೆಚ್ಚಾದರೆ ಸ್ಟೇರಿಂಗ್ ಭಾರ, ಕಡಿಮೆಯಾದರೆ ಗಾಡಿ ಅಲೆದಾಡುತ್ತದೆ. ನಾಲ್ಕು, ಏಟು. ಗುಂಡಿಗೆ ಬಿದ್ದಾಗ ಸ್ಟೇರಿಂಗ್ ಕೈಗೆ ಎಷ್ಟು ಹೊಡೆಯುತ್ತದೆ ಎಂಬುದು.

ಈ ನಾಲ್ಕೂ ಒಂದಕ್ಕೊಂದು ಜಗ್ಗುತ್ತವೆ. ಪ್ಲೇ ತೆಗೆಯಲು ಬಿಗಿ ಮಾಡಿದರೆ ಚಕ್ರ ಮರಳುವುದಿಲ್ಲ. ಸಡಿಲ ಮಾಡಿ ಹಗುರ ಮಾಡಿದರೆ ರಸ್ತೆಯ ಏಟು ನೇರ ಕೈಗೆ ಬರುತ್ತದೆ. ರಾಯ್ಸ್ ಅವರ ಉತ್ತರ ಬಹಳ ಸರಳ, ಬಹಳ ಕಷ್ಟದ್ದು. ತಿರುಪು ಮತ್ತು ನಟ್ಟನ್ನು ಕೂದಲೆಳೆಯಷ್ಟೂ ಸಂದು ಉಳಿಯದಂತೆ ಉಜ್ಜಿ ಕೂಡಿಸುವುದು, ಪ್ರತಿ ಕೀಲಿಗೆ ಎಣ್ಣೆ ತಪ್ಪದೆ ತಲುಪುವಂತೆ ಮಾಡುವುದು. ಆಗ ಬಿಗಿ ಮಾಡದೆಯೇ ಪ್ಲೇ ಹೋಗುತ್ತದೆ.

ಇನ್ನೊಂದು ತೊಡಕಿತ್ತು. ಆಗ ಕಂಪನಿ ಚಾಸಿ ಮಾತ್ರ ಮಾರುತ್ತಿತ್ತು, ಮೇಲಿನ ಬಾಡಿಯನ್ನು ಗಿರಾಕಿ ತನಗೆ ಬೇಕಾದಲ್ಲಿ ಕಟ್ಟಿಸಿಕೊಳ್ಳುತ್ತಿದ್ದ. ಒಬ್ಬ ಹಗುರ ಬಾಡಿ ಹಾಕಿಸಿದರೆ ಇನ್ನೊಬ್ಬ ಬೆಳ್ಳಿ ಕೆಲಸ ಮಾಡಿಸಿ ಭಾರ ಏರಿಸುತ್ತಿದ್ದ. ಭಾರ ಬದಲಾದರೆ ಸ್ಟೇರಿಂಗಿನ ಗುಣವೂ ಬದಲಾಗುತ್ತದೆ. ಆದ್ದರಿಂದ ಪ್ರತಿ ಚಾಸಿಯನ್ನೂ ಕಳುಹಿಸುವ ಮೊದಲು ರಸ್ತೆಯ ಮೇಲೆ ಓಡಿಸಿ ನೋಡುತ್ತಿದ್ದರು. 1908ರಲ್ಲಿ ಡರ್ಬಿ ಊರಿನಲ್ಲಿ ಹೊಸ ಕಾರ್ಖಾನೆ ಶುರುವಾಯಿತು. ಅಲ್ಲಿ ಉಬ್ಬುಗಳಿರುವ ದೊಡ್ಡ ಉರುಳೆಗಳ ಮೇಲೆ ಚಾಸಿ ನಿಲ್ಲಿಸಿ, ಕೆಟ್ಟ ರಸ್ತೆಯಲ್ಲಿ ಸಾವಿರಾರು ಮೈಲಿ ಓಡಿದಾಗ ಆಗುವ ಹಾನಿಯನ್ನು ಕೆಲವೇ ಗಂಟೆಗಳಲ್ಲಿ ಕಾಣುವ ಯಂತ್ರವನ್ನೂ ಕಟ್ಟಿದರು.

ಸೋಲು ಬಂದಾಗ ಅವರು ಅದನ್ನು ಮುಚ್ಚಿಡಲಿಲ್ಲ. 1912ರಲ್ಲಿ ಆಲ್ಪ್ಸ್ ಪರ್ವತದ ಸ್ಪರ್ಧೆಯಲ್ಲಿ ಒಂದು ಸಿಲ್ವರ್ ಘೋಸ್ಟ್ ಕಡಿದಾದ ಘಾಟಿಯಲ್ಲಿ ಮೂರು ಗೇರು ಸಾಲದೆ ನಿಂತುಬಿಟ್ಟಿತು. ಕೂಡಲೇ ನಾಲ್ಕು ಗೇರಿನ ಪೆಟ್ಟಿಗೆ ಮಾಡಿ, ಮರುವರ್ಷ ಅದೇ ಸ್ಪರ್ಧೆಯಲ್ಲಿ ಮೆಚ್ಚುಗೆ ಪಡೆದರು.

ನಮ್ಮ ಕಡೆ ಬಂದ ಕಾರುಗಳು

ಭಾರತಕ್ಕೆ ಸಿಲ್ವರ್ ಘೋಸ್ಟ್ ಬೇಗನೆ ಬಂತು. 1908ರಲ್ಲಿ ಮುಂಬಯಿಯಿಂದ ಕೊಲ್ಹಾಪುರದ ಘಟ್ಟಗಳಲ್ಲಿ ನಡೆದ ಸ್ಪರ್ಧೆಯಲ್ಲಿ ಗೆದ್ದ ಒಂದು ಕಾರನ್ನು ಗ್ವಾಲಿಯರಿನ ಮಹಾರಾಜರು ಕೊಂಡರು. ಮೈಸೂರು ಅರಮನೆಗೂ ರೋಲ್ಸ್ ರಾಯ್ಸ್ ಬಂದವು. ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಮ್ಮನ್ನಾಳಿದ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರು ಹಳದಿ ಬಣ್ಣದ, ಹಿಂದೆ ಸಿಂಹಾಸನದಂತೆ ಎತ್ತರದ ಆಸನವಿರುವ ಸಿಲ್ವರ್ ಘೋಸ್ಟ್ ಮಾಡಿಸಲು ಹೇಳಿದ್ದರು. 1911ರಲ್ಲಿ ಅವರು ತೀರಿಕೊಂಡರು, ಕಾರು ಬಂದದ್ದು ಮಗ ಉಸ್ಮಾನ್ ಅಲಿ ಖಾನ್ ಅವರ ಕಾಲದಲ್ಲಿ. ಅದು ಓಡಿದ್ದು ಬಹಳ ಕಡಿಮೆ. ಇಂದಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿದೆ, ಹೋದವರು ನೋಡಬಹುದು.

ಅದರ ಹಣದಲ್ಲಿ ನಮ್ಮ ಹಿರಿಯರು ಕಟ್ಟಿದ ಕಂದಾಯವೂ ಇತ್ತು ಎಂಬುದನ್ನು ನಾವು ಮರೆಯಬಾರದು. ಅಷ್ಟು ಶ್ರದ್ಧೆಯಿಂದ ಮಾಡಿದ ಸ್ಟೇರಿಂಗ್ ಹೆಚ್ಚು ತಿರುಗಲೇ ಇಲ್ಲ ಎನ್ನುವುದು ಮೆಕ್ಯಾನಿಕ್‌ಗೂ ನಷ್ಟ, ರೈತನಿಗೂ ನಷ್ಟ.

ಕಾಯಿಲೆ ಮತ್ತು ಕೊನೆಯ ವರ್ಷಗಳು

1910ರ ಜುಲೈ 12ರಂದು ರೋಲ್ಸ್ ವಿಮಾನ ಅಪಘಾತದಲ್ಲಿ ತೀರಿಕೊಂಡರು, ವಯಸ್ಸು 32. ಮರುವರ್ಷವೇ ರಾಯ್ಸ್ ಹಾಸಿಗೆ ಹಿಡಿದರು. ವರ್ಷಗಟ್ಟಲೆ ಹೊತ್ತಿಗೆ ಸರಿಯಾಗಿ ಉಣ್ಣದೆ, ನಿದ್ದೆ ಮಾಡದೆ ದುಡಿದ ದೇಹ ಸೋತಿತ್ತು. ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆ ಆಯಿತು. ಹೆಚ್ಚು ದಿನ ಬದುಕುವುದಿಲ್ಲ ಎಂದು ವೈದ್ಯರು ತಿಳಿದಿದ್ದರು. ಕಂಪನಿಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಕ್ಲಾಡ್ ಜಾನ್ಸನ್ ಅವರು ಚಳಿಗಾಲಕ್ಕೆ ದಕ್ಷಿಣ ಫ್ರಾನ್ಸಿನ ಲ ಕನಾಡೆಲ್‌ನಲ್ಲಿ, ಬೇಸಿಗೆಗೆ ಇಂಗ್ಲೆಂಡಿನ ಕಡಲ ತೀರದಲ್ಲಿ ಇರುವ ವ್ಯವಸ್ಥೆ ಮಾಡಿದರು. ನರ್ಸ್ ಎಥೆಲ್ ಆಬಿನ್ ಕೊನೆಯವರೆಗೆ ಆರೈಕೆ ಮಾಡಿದರು. ಡರ್ಬಿ ಕಾರ್ಖಾನೆಗೆ ರಾಯ್ಸ್ ಮತ್ತೆ ಹೋದದ್ದು ತೀರಾ ಅಪರೂಪ.

ಆದರೂ ಇನ್ನು ಇಪ್ಪತ್ತು ವರ್ಷ ಅವರೇ ಮುಖ್ಯ ವಿನ್ಯಾಸಕಾರರು. ಕೆಲವು ಎಂಜಿನಿಯರುಗಳು ಅವರ ಮನೆಯ ಹತ್ತಿರವೇ ಇದ್ದು ನಕ್ಷೆ ಬರೆಯುತ್ತಿದ್ದರು. ಪರೀಕ್ಷೆಯ ಕಾರುಗಳನ್ನು ಡರ್ಬಿಯಿಂದ ಅವರ ಮನೆಯವರೆಗೆ ಓಡಿಸಿಕೊಂಡು ಬರುತ್ತಿದ್ದರು. ಅವರು ಕೂತು ನೋಡಿ, ಏನು ಸರಿಯಿಲ್ಲ ಎಂದು ಪತ್ರ ಬರೆಯುತ್ತಿದ್ದರು. ಫ್ರಾನ್ಸಿನ ಶಾಟೊರೂ ಊರಿನಲ್ಲಿ ಪರೀಕ್ಷಾ ಕೇಂದ್ರವನ್ನಿಟ್ಟು, ಅಲ್ಲಿನ ಉದ್ದನೆಯ ರಸ್ತೆಗಳಲ್ಲಿ ಸಾವಿರಾರು ಮೈಲಿ ಓಡಿಸಿ, ಬಿಚ್ಚಿ, ಸವೆತ ಅಳೆಯುತ್ತಿದ್ದರು.

1920ರ ದಶಕದಲ್ಲಿ ಸ್ಟೇರಿಂಗಿಗೆ ಹೊಸ ಕಷ್ಟ ಬಂತು. ಮುಂದಿನ ಚಕ್ರಕ್ಕೂ ಬ್ರೇಕ್ ಬಂದು ಆಕ್ಸಲಿನ ತುದಿ ಭಾರವಾಯಿತು. ಕಡಿಮೆ ಗಾಳಿಯ ದಪ್ಪ ಟೈರುಗಳು ಬಂದವು. ಒಂದು ವೇಗ ಮುಟ್ಟಿದ ಕೂಡಲೇ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ನಡುಗಿ, ಸ್ಟೇರಿಂಗ್ ಚಾಲಕನ ಕೈಯಲ್ಲಿ ಒದರಾಡುತ್ತಿತ್ತು. ದೊಡ್ಡ ಕಾರು ಮಾಡುವ ಎಲ್ಲ ಕಂಪನಿಗಳಿಗೂ ಇದು ತಲೆನೋವು. ಚಕ್ರದ ಸಮತೋಲ, ಸ್ಪ್ರಿಂಗಿನ ಗಡಸು, ಕೀಲಿನ ಸಂದು, ಕಿಂಗ್‌ಪಿನ್ನಿನ ಓರೆ, ಒಂದನ್ನು ಬದಲಿಸಿದರೆ ಇನ್ನೊಂದು ಕೆಡುತ್ತಿತ್ತು. ರಾಯ್ಸ್ ಅವರ ಬಳಿ ಕಲಿತ ಮಾರಿಸ್ ಆಲಿ ಎಂಬ ಎಂಜಿನಿಯರು ಮುಂದೆ 1930ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಸೇರಿ, ಕಾರಿನ ಓಟ ಮತ್ತು ತಿರುವನ್ನು ಲೆಕ್ಕದ ಶಾಸ್ತ್ರವಾಗಿ ಬೆಳೆಸಿದರು. ನಾನು ಇಂದು ಕಂಪ್ಯೂಟರಿನಲ್ಲಿ ಹಾಕುವ ಸಮೀಕರಣಗಳಿಗೆ ಆ ಕೆಲಸದ ಋಣವಿದೆ.

1925ರಲ್ಲಿ ಹೊಸ ಫ್ಯಾಂಟಮ್, 1929ರಲ್ಲಿ ಎರಡನೇ ಫ್ಯಾಂಟಮ್ ಬಂದವು. ಇದರ ನಡುವೆ ವಿಮಾನದ ಎಂಜಿನ್ನುಗಳೂ ಆದವು. ಮೊದಲ ಮಹಾಯುದ್ಧದಲ್ಲಿ ಅವರು ಮಾಡಿದ ಈಗಲ್ ಎಂಜಿನ್ ಎರಡನ್ನು ಹಾಕಿಕೊಂಡು 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಅಟ್ಲಾಂಟಿಕ್ ಸಾಗರವನ್ನು ನಿಲ್ಲದೆ ದಾಟಿದರು. 1931ರಲ್ಲಿ ಅವರ ಆರ್ ಎಂಜಿನ್ ಇದ್ದ ವಿಮಾನ ಗಂಟೆಗೆ 400 ಮೈಲಿ ಮೀರಿ ಹಾರಿತು. 1930ರಲ್ಲಿ ಸರ್ಕಾರ ಅವರಿಗೆ ಸರ್ ಪದವಿ ಕೊಟ್ಟಿತು. ಅವರು ಮಾತ್ರ ತಮ್ಮನ್ನು ಮೆಕ್ಯಾನಿಕ್ ಎಂದೇ ಹೇಳಿಕೊಳ್ಳುತ್ತಿದ್ದರು. ಸರಿಯಾಗಿ ಮಾಡಿದ ಕೆಲಸ ಎಷ್ಟು ಸಣ್ಣದಾದರೂ ಶ್ರೇಷ್ಠವೇ ಎಂಬ ಅರ್ಥದ ಲ್ಯಾಟಿನ್ ಸಾಲನ್ನು ಮನೆಯ ಅಗ್ಗಿಷ್ಟಿಕೆಯ ಮೇಲೆ ಕೆತ್ತಿಸಿದ್ದರು. ಬಸವಕಲ್ಯಾಣ ಇರುವ ಜಿಲ್ಲೆಯವರಾದ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಕಾಯಕ ಎಂಬ ಒಂದೇ ಶಬ್ದ ಸಾಕು.

1933ರ ಏಪ್ರಿಲ್ 22ರಂದು, ಎಪ್ಪತ್ತನೇ ವಯಸ್ಸಿನಲ್ಲಿ, ವೆಸ್ಟ್ ವಿಟರಿಂಗ್‌ನ ಮನೆಯಲ್ಲಿ ಅವರು ತೀರಿಕೊಂಡರು. ಚಿತಾಭಸ್ಮ ಈಗ ಹುಟ್ಟಿದ ಹಳ್ಳಿ ಆಲ್ವಾಲ್ಟನ್ನಿನ ಚರ್ಚಿನಲ್ಲಿದೆ.

ನಮಗೆ ಇದರಿಂದ ಏನು

ಈ ಸಂಚಿಕೆ ಓದುವ ವಿದ್ಯಾರ್ಥಿಗಳಿಗೆ ಎರಡು ಮಾತು. ಕೈ ಕೆಲಸ ಕಲಿಯಲು ನಾಚಬೇಡಿ. ಸ್ಟೇರಿಂಗ್ ಸರಿಯಿದೆಯೋ ಇಲ್ಲವೋ ಎಂದು ಕಡೆಗೆ ಹೇಳುವುದು ಈಗಲೂ ಮನುಷ್ಯನ ಕೈಯೇ, ನಮ್ಮ ಅಂಕಿಗಳೆಲ್ಲ ಆ ಕೈಗೆ ಒಪ್ಪಿಗೆಯಾಗಬೇಕು. ಎರಡನೆಯದು, ಹೊತ್ತಿಗೆ ಸರಿಯಾಗಿ ಉಣ್ಣಿರಿ. ರಾಯ್ಸ್ ಅವರ ಬದುಕಿನಲ್ಲಿ ಅನುಸರಿಸಬಾರದ ಪಾಠ ಅದೊಂದು.

ನನ್ನ ಜೊತೆ ಓದಿದ ಗೆಳೆಯರಿಗೆ, ಹಿರಿಯ ಹಳೆಯ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಆ ಚಿಕ್ಕಮ್ಮನನ್ನು ಬಹಳ ಜನ ಮರೆತಿದ್ದಾರೆ. ಮೂರು ವರ್ಷ, ವರ್ಷಕ್ಕೆ 20 ಪೌಂಡ್. ಅದು ಇಲ್ಲದಿದ್ದರೆ ಆ ಹುಡುಗ ತಂತಿ ಹಂಚುತ್ತಲೇ ಇರುತ್ತಿದ್ದನೇನೋ. ನಮ್ಮ ಶಾಲೆಯಿಂದ ಹತ್ತನೇ ತರಗತಿ ಮುಗಿಸಿ ಐಟಿಐ, ಡಿಪ್ಲೊಮಾ ಸೇರುವ ಮಕ್ಕಳಿದ್ದಾರೆ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಬರುವವರೂ ಇದ್ದಾರೆ. ಸೇರಿಸುವಾಗ ಎಲ್ಲರೂ ಸಹಾಯ ಮಾಡುತ್ತಾರೆ, ಎರಡನೇ ವರ್ಷದ ಫೀಸಿನ ಹೊತ್ತಿಗೆ ಕೇಳುವವರು ಇರುವುದಿಲ್ಲ. ಓದು ನಿಲ್ಲುವುದು ಆಗಲೇ. ಆ ಉಳಿದ ವರ್ಷಗಳಿಗೆಂದು ಹಳೆಯ ವಿದ್ಯಾರ್ಥಿಗಳ ಒಂದು ನಿಧಿ ಈ ಸುವರ್ಣ ಮಹೋತ್ಸವದಲ್ಲಿ ಶುರುವಾಗಲಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಪಾಲನ್ನು ಮುಖ್ಯ ಗುರುಗಳಿಗೆ ತಿಳಿಸಿದ್ದೇನೆ. ಹೆಣ್ಣುಮಕ್ಕಳಿಗೆ ಅದರಲ್ಲಿ ಮೊದಲ ಸ್ಥಾನ ಇರಲಿ.